ರೇವತಿಯ ಬಾಣಂತನ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡುತ್ತಿದ್ದದ್ದು ಪರಿಚಯ ಮರೆಯುವುದನ್ನು. ಬೆಳಗ್ಗೆ ನಿಮ್ಮ ಮುಂದೆ ಕೂತು ಅತ್ತವಳು ಸಂಜೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ನಗಬಾರದು, ತಲೆ ಆಡಿಸಬಾರದು, "ಊಟ ಆಯ್ತಾ" ಅನ್ನಬಾರದು. ಅವಳಾಗಿ ಮಾತಾಡಿಸಿದರೆ ಮಾತ್ರ ಮಾತು. ನಾವು ಯಾವ ಕೋಣೆಯಲ್ಲಿ ಕೂರುವವರು ಎಂಬುದು ಊರಿಗೆ ಗೊತ್ತಿರುತ್ತದೆ. ನಮ್ಮ ಪರಿಚಯವೇ ಅವಳ ಗುಟ್ಟನ್ನು ಬಿಟ್ಟುಕೊಡುತ್ತದೆ. ನೆಂಟರ ಮದುವೆಯೊಂದರಲ್ಲಿ ನನ್ನ ಪಕ್ಕದ ಎಲೆಗೇ ಕೂತವಳು ನನ್ನ ಬಳಿ ಬಂದು ಹೋಗುತ್ತಿದ್ದ ಹೆಂಗಸು. ಕೋಸಂಬರಿಯಿಂದ ಮಜ್ಜಿಗೆಯವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಊಟ ಮುಗಿಸಿದೆವು. ಕೈ ತೊಳೆಯುವಾಗ ಅವಳು ನನಗೆ ಚೊಂಬಿನಿಂದ ನೀರು ಹಾಕಿದಳು. ಅಷ್ಟರಲ್ಲೇ ಎಲ್ಲ ಬಂದುಹೋಯಿತು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆಯ ಕೋಣೆಯಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ತೀರ್ಥಹಳ್ಳಿಯಲ್ಲಿ ಶುರು, ಹೊಸನಗರದಲ್ಲಿ ಕೆಲವು ವರ್ಷ, ಸಾಗರದಲ್ಲಿ ಕೊನೆ. ಗುತ್ತಿಗೆಯ ಕೆಲಸ. ಬಡ್ತಿ ಎಂಬುದೇ ಇರಲಿಲ್ಲವಾದ್ದರಿಂದ ಅದರ ಬಗ್ಗೆ ಬರೆಯುವ ಕಷ್ಟವೂ ನನಗಿಲ್ಲ. ಬರೆಯಬೇಕು ಅನ್ನಿಸಿದ್ದು ಬಸುರಿಯರ ಬಗ್ಗೆ, ಬಾಣಂತಿಯರ ಬಗ್ಗೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಊರುಗಳನ್ನೂ ಬೇಕಾದ ಕಡೆ ಮಸುಕು ಮಾಡಿದ್ದೇನೆ.

ನಾನು ಸೇರಿದ ಕಾಲಕ್ಕೆ ಬಸುರಿಯರಿಗೆ ಕೊಡಲು ನಮ್ಮ ಬಳಿ ಇದ್ದದ್ದು ಒಂದೇ ಒಂದು ಮಾತ್ರೆ. ಹೆರಿಗೆ ನೋವು ಶುರುವಾದಾಗ ತಾಯಿ ಅದನ್ನು ನುಂಗಬೇಕು. ಹುಟ್ಟಿದ ಮೇಲೆ ಮಗುವಿಗೆ ಒಂದಿಷ್ಟು ಸಿರಪ್. ಅಲ್ಲಿಗೆ ನಮ್ಮ ವೈದ್ಯ ಮುಗಿಯಿತು. ಆಗುಂಬೆ ಕಡೆಯ ಕಮಲ ಎನ್ನುವವಳು ಆ ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕೊನೆಯ ತಿಂಗಳು ಕಳೆದಳು. ಒಂದು ಬೆಳಗಿನ ಜಾವ ಹೊಟ್ಟೆ ಹಿಂಡಿತಂತೆ, ನುಂಗಿಬಿಟ್ಟಳು. ನೋವು ನಿಂತುಹೋಯಿತು. ಅದು ಸುಳ್ಳು ನೋವು. ಮೊದಲ ಬಸ್ಸಿಗೇ ತೀರ್ಥಹಳ್ಳಿಗೆ ಬಂದು ನನ್ನ ಬಾಗಿಲಲ್ಲಿ ಕುಸಿದು ಕೂತಳು.

"ಇದ್ದ ಒಂದನ್ನೂ ತಿಂದ್ಬಿಟ್ಟೆ ಮೇಡಂ. ಕೂಸಿನ ಪಾಲಿಂದು ಹೋಯ್ತು."

ನಿಜವಾದ ನೋವು ಬಂದಾಗ ಮತ್ತೊಂದು ಕೊಡಬಹುದು ಎಂದು ಸಮಾಧಾನ ಹೇಳಿದೆ. ಆದರೆ ಬೀರುವಿನಲ್ಲಿ ಮತ್ತೊಂದು ಇರಲಿಲ್ಲ. ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಅಲ್ಲಿನವರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇವೆ ಎಂದರು. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುವಾಗಲೇ ಆಸ್ಪತ್ರೆಯಿಂದ ಆಯಾ ಓಡಿಬಂದಳು, ಕಮಲಳಿಗೆ ನೋವು ಎದ್ದಿದೆ ಎಂದು. ಬಸ್ಸು ಮಂಡಗದ್ದೆಯ ಬಳಿ ಕೆಟ್ಟು ನಿಂತಿತ್ತು. ಕಂಡಕ್ಟರ್ ಪುಣ್ಯಾತ್ಮ, ಕೈಯಲ್ಲಿದ್ದದ್ದು ಏನೆಂದು ತಿಳಿಯದಿದ್ದರೂ ಹಿಂದೆ ಬಂದ ಜೀಪಿನವನಿಗೆ ಕೊಟ್ಟು ಕಳಿಸಿದ. ಹೆರಿಗೆ ಕೋಣೆಯಲ್ಲಿ ಮಾತ್ರೆ ಅವಳ ಬಾಯಿಗೆ ಬಿದ್ದಾಗ ನನ್ನ ರವಿಕೆ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು. ಆ ಮಗು ಪಾರಾಯಿತು. ಎಲ್ಲ ಮಕ್ಕಳೂ ಆಗುತ್ತಿರಲಿಲ್ಲ.

ಈಗ ಹಾಗಿಲ್ಲ. ಪರೀಕ್ಷೆಯಲ್ಲಿ ಗೊತ್ತಾದಂದಿನಿಂದಲೇ ದಿನಕ್ಕೊಂದು ಮಾತ್ರೆ, ಬದುಕಿರುವ ತನಕ. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೆ ಸಿಗದಷ್ಟು ಇಳಿಯುತ್ತದೆ, ಮಗುವಿಗೆ ದಾಟುವುದು ಬಹಳ ಅಪರೂಪ. ಕೇಳಲು ಸುಲಭ. ಆದರೆ ಕಮಲ ಒಂದು ಸಲ ಕಣ್ಣು ತಪ್ಪಿಸಿದರೆ ಸಾಕಿತ್ತು. ಈಗಿನವಳು ದಿನಾ ತಪ್ಪಿಸಬೇಕು, ಒಂದೇ ಸೂರಿನ ಕೆಳಗೆ, ಒಂದೇ ಪಂಕ್ತಿಯಲ್ಲಿ ಉಣ್ಣುವವರ ಕಣ್ಣನ್ನು.

ಇದನ್ನು ನನಗೆ ಸರಿಯಾಗಿ ತೋರಿಸಿದವಳು ರೇವತಿ.

ಅವಳು ಹೊಸನಗರ ತಾಲ್ಲೂಕಿನವಳು. ರಿಪ್ಪನ್‌ಪೇಟೆಯ ಹತ್ತಿರದ ಹಳ್ಳಿಯಲ್ಲಿ ಮನೆ. ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಗಂಡ ನಾಗರಾಜನದು ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ. ರೇವತಿಗೆ ಇದು ಎರಡನೆಯ ಮದುವೆ. ಮೊದಲನೆಯವನು ಜಾಂಡೀಸ್ ಆಗಿ ಸತ್ತ ಎಂದು ಎಲ್ಲರೂ ನಂಬಿದ್ದರು, ಅವಳೂ ನಂಬಿದ್ದಳು. ವಿಧವೆಯನ್ನು ತರುತ್ತೇನೆಂದಾಗ ನಾಗರಾಜನ ತಾಯಿ ಗಂಗಮ್ಮ ಒಂದು ವರ್ಷ ಒಪ್ಪಿರಲಿಲ್ಲ. ಒಪ್ಪಿದ ಮೇಲೆ ಸೊಸೆಯನ್ನು ಯಾರೂ ಒಂದು ಮಾತು ಆಡದ ಹಾಗೆ ನೋಡಿಕೊಂಡಿದ್ದರು. ಬಸುರಿಯಾದಾಗ ಮಾಮೂಲಿ ತಪಾಸಣೆಯಲ್ಲಿ ಸಂಶಯ ಬಂತು. ಹೊಸನಗರದಲ್ಲಿ ಮೂರು ಹೆಜ್ಜೆಗೊಬ್ಬ ನೆಂಟ ಇದ್ದುದರಿಂದ ಖಚಿತ ಪರೀಕ್ಷೆಗೆ ಸಾಗರವನ್ನೇ ಅವಳು ಕೇಳಿಕೊಂಡಳಂತೆ.

ಫಲಿತಾಂಶ ಹೇಳಿದಾಗ ಅವಳು ಅಳಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈಯನ್ನೇ ನೋಡುತ್ತಾ ಕೂತಳು.

"ಇವ್ರಿಗೆ ನೀವು ಹೇಳ್ತೀರಾ?" ಎಂದಳು ಕೊನೆಗೆ.

"ನಾನು ಯಾರಿಗೂ ಹೇಳಲ್ಲ. ಹೇಳೋ ಹಕ್ಕು ನಿನ್ನದು. ಆದ್ರೆ ಅವನೂ ಪರೀಕ್ಷೆ ಮಾಡಿಸ್ಕೋಬೇಕಲ್ಲ ಮಾರಾಯ್ತಿ. ನೀನು ಹೇಳೋವಾಗ ನಾನು ಪಕ್ಕದಲ್ಲಿ ಇರ್ತೀನಿ."

"ಹೇಳಿದ್ರೆ ಬಿಡ್ತಾರೆ."

"ಬಿಡ್ತಾನೆ, ಬಿಡಲ್ಲ ಅಂತ ನಾನು ಹೇಗೆ ಹೇಳ್ಲಿ? ನಂಗೂ ಗೊತ್ತಿಲ್ಲ."

ಹೊಸಬರು ಇಂಥ ಹೊತ್ತಲ್ಲಿ ಧೈರ್ಯ ತುಂಬಲು ಹೋಗಿ ಸುಳ್ಳು ಹೇಳುತ್ತಾರೆ. ಹೇಳಬೇಡಿ. ಗೊತ್ತಿಲ್ಲ ಅನ್ನುವುದೂ ಒಂದು ಮಾತು. ಅವಳು ಅದನ್ನು ನಂಬುತ್ತಾಳೆ.

ಮುಂದಿನ ವಾರ ನಾಗರಾಜನನ್ನು ಕರೆದುಕೊಂಡು ಬಂದಳು. ಕೈಯ ಗೆರೆಗಳಲ್ಲೆಲ್ಲ ಟ್ಯೂಬಿನ ಕಪ್ಪು ಹಿಡಿದ, ಮಾತು ಕಡಿಮೆಯ ಮನುಷ್ಯ. ರೇವತಿ ಹೇಳಿದಳು. ನಡುವೆ ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ಮಾತು ಎತ್ತಿಕೊಳ್ಳಲಿಲ್ಲ, ಅವಳೇ ಮುಗಿಸಲಿ ಎಂದು ಕಾದೆ. ಮುಗಿಸಿದಳು. ನಾಗರಾಜ ಎದ್ದು "ನಂದು ಎಲ್ಲಿ ಮಾಡ್ತಾರೆ?" ಎಂದು ಕೇಳಿ, ಪಕ್ಕದ ಕೋಣೆಯಲ್ಲಿ ರಕ್ತ ಕೊಟ್ಟು, ಹಾಗೇ ಹೊರಗೆ ಹೋದ.

ಅವನ ಫಲಿತಾಂಶ ಬಂತು. ಸೋಂಕು ಇರಲಿಲ್ಲ. ಹೇಳೋಣವೆಂದರೆ ಮನುಷ್ಯನೇ ಇಲ್ಲ. ರೇವತಿ ಕಾರಿಡಾರಿನ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಹೊರರೋಗಿಗಳು ಕರಗಿದರು, ಔಷಧಿ ಕೌಂಟರಿನ ಕಿಟಕಿ ಮುಚ್ಚಿತು. ನಾನೂ ಮನೆಗೆ ಹೋಗದೆ ಬೇಡದ ಕೆಲಸ ಮಾಡುತ್ತಾ ಉಳಿದೆ. ರಿಪ್ಪನ್‌ಪೇಟೆಯ ಬಸ್ಸಿನ ಹೊತ್ತಾಗುತ್ತಿತ್ತು. ಅವಳ ಬಳಿ ಬಸ್ಸಿಗೆ ದುಡ್ಡಿದೆಯೋ ಇಲ್ಲವೋ, ಹೋದರೂ ಯಾವ ಮನೆಗೆ ಹೋಗುತ್ತಾಳೆ ಎಂದು ನಾನು ಯೋಚಿಸುತ್ತಿರುವಾಗ ಅವನು ಗೇಟಿನಲ್ಲಿ ಕಾಣಿಸಿದ. ಇಷ್ಟು ಹೊತ್ತೂ ಗಣಪತಿ ಕೆರೆಯ ದಂಡೆಯಲ್ಲಿ ಕೂತಿದ್ದನಂತೆ. ಫಲಿತಾಂಶ ಹೇಳಿದೆ. ಮೂರು ತಿಂಗಳಿಗೆ ಇನ್ನೊಮ್ಮೆ ನೋಡಬೇಕು ಎಂದೂ ಹೇಳಿದೆ. ತಲೆ ಆಡಿಸಿದ. ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡು, "ಏಳು, ಬಸ್ಸು ಹೋಗ್ತದೆ" ಎಂದ. ಸ್ವಲ್ಪ ದೂರ ಹೋದವನು ತಿರುಗಿ ಬಂದು ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ. "ಅಮ್ಮಂಗೆ ಗೊತ್ತಾಗ್ಬಾರ್ದು ಮೇಡಂ. ಅವ್ರು ತಡ್ಕಳಲ್ಲ."

ನಮ್ಮ ಡಾಕ್ಟರ್ ಶೈಲಜಾ ಖಾರದ ಮನುಷ್ಯೆ. "ಸರೋಜಾ, ನಿನ್ನ ಬಾಯಿ ಮುಚ್ಚಿದ್ರೆ ನಿನ್ನ ಅರ್ಧ ಕೆಲಸ ಆಯ್ತು" ಎನ್ನುತ್ತಿದ್ದರು. ಆದರೆ ರೇವತಿಗೆ ಅವರು ಕೂತು ವಿವರಿಸಿದ ರೀತಿಯನ್ನು ನಾನು ಮರೆಯಲಾರೆ. ಮಾತ್ರೆ ನುಂಗಿದ ಕೂಡಲೇ ವಾಂತಿಯಾದರೆ ಮತ್ತೆ ನುಂಗಬೇಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಇದರ ಜೊತೆ ಸೇರಿಸಬಾರದು. ಹೊಟ್ಟೆ ತುಂಬ ಉಣ್ಣಬೇಕು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಮಗುವಿಗೆ ಆರು ತಿಂಗಳು ಎದೆಹಾಲು ಮಾತ್ರ. ಎದೆಹಾಲಿನ ಜೊತೆಗೆ ಹಸುವಿನ ಹಾಲು, ನೀರು, ಜೇನುತುಪ್ಪ, ಬಜೆ, ಯಾವುದೂ ಕೂಡದು. ಬೇರೆಯದು ಹೋದರೆ ಎಳೆಯ ಕರುಳಿನ ಒಳಪೊರೆ ಕೆರೆದಂತಾಗಿ ಸೋಂಕಿಗೆ ದಾರಿ ಸಿಗುತ್ತದೆ.

ರೇವತಿ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದವಳು ಕೊನೆಯದಕ್ಕೆ ಮಾತ್ರ ಸುಮ್ಮನಾದಳು.

"ನಮ್ಮತ್ತೆ ಸುತ್ತ ಊರಿಗೆಲ್ಲ ಬಾಣಂತನ ಮಾಡಿದವ್ರು ಡಾಕ್ಟ್ರೆ. ಬಜೆ ತೇಯ್ದು ನೆಕ್ಕಿಸದೆ ಒಂದು ಕೂಸನ್ನೂ ಬಿಟ್ಟವ್ರಲ್ಲ."

ರೇವತಿಗೆ ತಾಯಿ ಇರಲಿಲ್ಲ. ಬಾಣಂತನ ಅತ್ತೆಯ ಕೈಯಲ್ಲೇ ಆಗಬೇಕಿತ್ತು.

ಬಸುರಿನ ತಿಂಗಳುಗಳನ್ನು ಅವಳು ಅಚ್ಚುಕಟ್ಟಾಗಿ ದಾಟಿದಳು. ಮಾತ್ರೆ ಡಬ್ಬಿ ಅಲುಗಾಡಿದರೆ ಸದ್ದಾಗುತ್ತದೆಂದು ಒಳಗೆ ಹತ್ತಿ ತುಂಬಿ ಹೊಲಿಗೆ ಮೆಷಿನಿನ ಡ್ರಾಯರಿನಲ್ಲಿ ಇಟ್ಟಿದ್ದಳು. ರಾತ್ರಿ ಊಟವಾದ ಮೇಲೆ "ಎರಡು ಹೊಲಿಗೆ ಹಾಕಿ ಬರ್ತೀನಿ" ಎಂದು ಮೆಷಿನಿನ ಹತ್ತಿರ ಹೋಗುವುದು ಅವಳ ಉಪಾಯ. ವೈರಸ್ಸಿನ ಪರೀಕ್ಷೆ ಮಾಡಿಸಿದಾಗ ಪ್ರಮಾಣ ಕುಸಿದಿತ್ತು. ನಾಗರಾಜನ ಎರಡನೆಯ ಪರೀಕ್ಷೆಯಲ್ಲೂ ಸೋಂಕು ಇರಲಿಲ್ಲ. ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಮಗುವಿಗೆ ದಿನಾ ಹಾಕಬೇಕಾದ ಸಿರಪ್ಪನ್ನು ಡಾಕ್ಟರು "ಶಕ್ತಿಯ ಹನಿ" ಎಂದು ಗಂಗಮ್ಮನ ಎದುರಿಗೇ ಕೊಟ್ಟರು. ಗಂಗಮ್ಮ ಎತ್ತರದ, ನೆಟ್ಟಗಿನ ಹೆಂಗಸು. ಮಗುವನ್ನು ಎತ್ತಿಕೊಂಡ ರೀತಿಯಲ್ಲೇ ಕೈ ಪಳಗಿದ್ದು ಕಾಣುತ್ತಿತ್ತು. ವಾರ್ಡಿಗೆ ನಾನು ಹೋದಾಗ "ನೀವು ಯಾರು?" ಎಂದು ಕೇಳಿದರು.

"ಇಲ್ಲೇ ಕೆಲಸ. ತಾಯಂದಿರಿಗೆ ಸಲಹೆ ಹೇಳ್ತೀನಿ."

"ಓ, ಈಗ ಅದಕ್ಕೂ ಸಂಬಳ ಕೊಟ್ಟು ಜನ ಇಡ್ತಾರನ?" ಎಂದು ನಕ್ಕರು.

ಮನೆಗೆ ಹೋದ ಮೇಲೆ ಹಗ್ಗಜಗ್ಗಾಟ ಶುರುವಾಯಿತು. ಗಂಗಮ್ಮ ಬಜೆ ತೇಯಲು ಕೂತರೆ ರೇವತಿ "ಡಾಕ್ಟ್ರು ಬೈತಾರೆ" ಅನ್ನುವಳು. ಜೇನುತುಪ್ಪ ತಂದರೆ ಮಗು ನಿದ್ದೆ ಮಾಡಿದೆ ಅನ್ನುವಳು. ಸ್ನಾನಕ್ಕೆ ಹೋದಾಗಲೂ ಕಿವಿ ಕೋಣೆಯ ಕಡೆ. ಒಂದು ಬೆಳಗ್ಗೆ ಹಂಡೆಯ ಬಿಸಿನೀರು ಮೈಮೇಲೆ ಹೊಯ್ದುಕೊಂಡು ಬೇಗನೆ ಬಂದವಳಿಗೆ ಕಂಡದ್ದು, ಗಂಗಮ್ಮ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಒಳಲೆಯಲ್ಲಿ ಹಸುವಿನ ಹಾಲು ಹಿಡಿದಿದ್ದಾರೆ. ಮಗುವಿನ ತುಟಿಗೆ ಇನ್ನೇನು ತಾಗಬೇಕು. ರೇವತಿ ಹಾರಿ ಅದನ್ನು ತಟ್ಟಿಬಿಟ್ಟಳು. ಹಾಲು ಗೋಡೆಗೆ ಚೆಲ್ಲಿತು.

"ಎಂತ ಬಂತು ನಿಂಗೆ?" ಗಂಗಮ್ಮನಿಗೆ ಕೋಪಕ್ಕಿಂತ ದಿಗಿಲಾಗಿತ್ತು. "ನಾನು ಕೂಸಿಗೆ ವಿಷ ಕೊಡ್ತೀನನೆ?"

ರೇವತಿ ನನಗೆ ಫೋನ್ ಮಾಡಿದಳು. "ಎಷ್ಟು ದಿನ ಹಿಂಗೆ ಕಾಯ್ಲಿ ಮೇಡಂ? ನಿದ್ದೆ ಬಂದ್ರೂ ಭಯ ಆಗ್ತದೆ."

ಆ ವಾರವೇ ಗಂಗಮ್ಮ ಮಗುವಿನ ಕುಲಾವಿಗೆ ದಾರ ಹಾಕಲು ಸೂಜಿ ಹುಡುಕಿದರು. ಮೆಷಿನಿನ ಡ್ರಾಯರು ಎಳೆದರು.

ಅವರು ಡಬ್ಬಿಯನ್ನು ರಿಪ್ಪನ್‌ಪೇಟೆಯ ಮೆಡಿಕಲ್ ಶಾಪಿಗೆ ಒಯ್ದಿದ್ದರೆ ಸಂಜೆಯೊಳಗೆ ಊರೆಲ್ಲ ಹಬ್ಬುತ್ತಿತ್ತು. ಅವರಿಗೆ ಅದು ತಿಳಿದಿತ್ತೋ ಏನೋ. ಯಾರಿಗೂ ಹೇಳದೆ ಸೀದಾ ಸಾಗರದ ಬಸ್ಸು ಹತ್ತಿದರು. "ತಾಯಂದಿರಿಗೆ ಸಲಹೆ ಹೇಳೋ ಅಮ್ಮ ಎಲ್ಲಿ?" ಎಂದು ವಾರ್ಡಿನಲ್ಲಿ ಕೇಳಿದರು. ಯಾರೋ ನನ್ನ ಕೋಣೆಯ ದಿಕ್ಕಿಗೆ ಕೈ ತೋರಿಸಿದರು. ನಾನು ತಲೆ ಎತ್ತಿದಾಗ ಗಂಗಮ್ಮ ಬಾಗಿಲ ಹೊರಗೆ ನಿಂತು ಮೇಲೆ ನೋಡುತ್ತಿದ್ದರು. ಅಲ್ಲಿ ನಮ್ಮ ಬೋರ್ಡು ಇತ್ತು. ಎಚ್‌ಐವಿ ಎನ್ನುವುದನ್ನು ಕನ್ನಡದಲ್ಲಿ ಎಲ್ಲರಿಗೂ ಕಾಣುವ ಹಾಗೆ ದೊಡ್ಡದಾಗಿ ಬರೆಸಿದ್ದರು.

ಒಳಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಹತ್ತಿ ಇದ್ದುದರಿಂದ ಸದ್ದಾಗಲಿಲ್ಲ.

"ಇದು ಎಂತದು?"

"ಕೂತ್ಕೊಳ್ಳಿ ಗಂಗಮ್ಮ."

"ಇದು ಎಂತದು ಅಂತ ಕೇಳಿದೆ."

"ಬೇರೆಯವರ ಔಷಧಿ ಬಗ್ಗೆ ನಾನು ಹೇಳೋ ಹಾಗಿಲ್ಲ. ಯಾರದ್ದೇ ಆಗ್ಲಿ. ನಿಮಗೆ ಕೊಟ್ಟ ಔಷಧಿ ಬಗ್ಗೆ ನಿಮ್ಮ ಸೊಸೆ ಬಂದು ಕೇಳಿದ್ರೂ ಹೇಳಲ್ಲ."

"ಹೇಳೋದು ಬ್ಯಾಡ," ಎಂದರು. "ನಂಗೆ ಓದೋಕೆ ಬತ್ತದೆ."

ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟರು. ನಾನು ಹಿಂದೆ ಹೋದೆ. "ಆ ಮಾತ್ರೆ ಯಾರದ್ದೋ ಅವರಿಗೆ ಇವತ್ತು ತಪ್ಪಬಾರದು ಗಂಗಮ್ಮ, ಅಷ್ಟು ಮಾತ್ರ ಕೇಳ್ಕೋತೀನಿ" ಎಂದೆ. ತಿರುಗಿ ನೋಡಲಿಲ್ಲ.

ನಾಗರಾಜನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಯಾವುದೋ ಲಾರಿಯ ಕೆಳಗೆ ಮಲಗಿರಬೇಕು. ರೇವತಿಗೆ ಮಾಡಿದೆ. ಹಸಿ ಬಾಣಂತಿ, ಮನೆಯಲ್ಲಿ ಒಬ್ಬಳೇ. "ನಿಮ್ಮತ್ತೆಗೆ ಗೊತ್ತಾಗಿದೆ. ಬಸ್ಸಿನಲ್ಲಿದ್ದಾರೆ. ನಾನೇನೂ ಹೇಳಿಲ್ಲ, ಬೋರ್ಡ್ ಓದಿದ್ರು" ಎಂದೆ. ಆ ಕಡೆ ಮಗುವಿನ ಉಸಿರು ಕೇಳುತ್ತಿತ್ತು.

"ಬರ್ಲಿ," ಎಂದಳು. "ನಾನೇ ಹೇಳ್ತೀನಿ."

ಏನಾಯಿತೆಂದು ಆಮೇಲೆ ಅವಳೇ ಹೇಳಿದಳು. ಗಂಗಮ್ಮ ಕೂಗಾಡಲಿಲ್ಲ. ಡಬ್ಬಿಯನ್ನು ಮೆಷಿನಿನ ಮೇಲಿಟ್ಟರು. ರೇವತಿ ಮೊದಲ ಗಂಡನಿಂದ ಹಿಡಿದು ಎಲ್ಲವನ್ನೂ ಹೇಳುವವರೆಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. "ನನ್ನ ಮಗಂಗೆ?" ಎಂದು ಒಂದೇ ಪ್ರಶ್ನೆ. ಇಲ್ಲವೆಂದಾಗ ಕಣ್ಣು ಮುಚ್ಚಿಕೊಂಡರು. ಬಳಿಕ ಒಳಗೆ ಹೋಗಿ ನಾಲ್ಕು ಸೀರೆ ಚೀಲಕ್ಕೆ ಹಾಕಿಕೊಂಡರು. "ನನ್ನ ಕೈಲಿ ಆಗದಿಲ್ಲ" ಎಂದು ತೀರ್ಥಹಳ್ಳಿಯ ಮಗಳ ಮನೆಗೆ ಹೊರಟುಹೋದರು. ಕತ್ತಲಾಗುವ ಮುಂಚೆ ಮನೆಗೆ ಬಂದ ನಾಗರಾಜನಿಗೆ ಕಂಡದ್ದು ಆರಿದ ಒಲೆ, ಅಳುತ್ತಿದ್ದ ಮಗು.

ನನ್ನ ಹೆದರಿಕೆ ಬೇರೆ. ಗಂಗಮ್ಮ ಮಗಳಿಗೆ ಹೇಳುತ್ತಾರೆ, ಮಗಳು ಗಂಡನಿಗೆ, ಅವನು ಊರಿಗೆ. ಹಾಗಾದರೆ ಪಂಕ್ಚರ್ ಅಂಗಡಿಗೆ ಯಾರು ಬರುತ್ತಾರೆ, ರವಿಕೆ ಯಾರು ಹೊಲಿಸುತ್ತಾರೆ? ಪ್ರತಿ ಸಲ ಫೋನ್ ಬಂದಾಗಲೂ ಇದೇ ಸುದ್ದಿಯೇನೋ ಎಂದುಕೊಳ್ಳುತ್ತಿದ್ದೆ.

ಕೆಲವು ದಿನಗಳ ಬಳಿಕ ಫೋನ್ ಬಂತು. ಮಾತಾಡಿದವನು ನಾಗರಾಜ. "ಇವ್ಳಿಗೆ ಜ್ವರ. ಒಂದು ಕಡೆ ಎದೆ ಕಲ್ಲಿನ ಹಂಗಾಗದೆ. ಕೂಸು ಅಳದು ನಿಲ್ಸಲ್ಲ. ನಾನು ಹಾಲಿನ ಪ್ಯಾಕೆಟ್ ತಂದೀನಿ, ಇವ್ಳು ಮುಟ್ಟಕ್ಕೆ ಬಿಡ್ತಿಲ್ಲ."

ನಾನು ಹಾಗೆ ಮನೆಗೆ ಹೋಗಿಬಿಡುವಂತಿಲ್ಲ. ನನ್ನನ್ನು ಗುರುತಿಸುವವರು ಆ ಬಸ್ಸಿನಲ್ಲೂ ಇರುತ್ತಾರೆ. ಹಾಗಾಗಿ ಒಂದು ರವಿಕೆ ಕಣ ಕೈಯಲ್ಲಿ ಹಿಡಿದುಕೊಂಡೆ. ದಾರಿಯಲ್ಲಿ ಇಬ್ಬರು ಹೆಂಗಸರನ್ನು "ರವಿಕೆ ಹೊಲಿಯೋ ರೇವತಿ ಮನೆ ಯಾವುದು?" ಎಂದು ಬೇಕೆಂದೇ ಗಟ್ಟಿಯಾಗಿ ಕೇಳಿದೆ. "ಅವ್ಳು ಬಾಣಂತಿ, ಈಗೆಲ್ಲಿ ಹೊಲಿತಾಳೆ" ಎಂದು ಅವರು ನಕ್ಕರು. ಆ ನಗುವಿನಲ್ಲಿ ಬೇರೇನೂ ಇರಲಿಲ್ಲ. ಗಂಗಮ್ಮ ಬಾಯಿ ಬಿಟ್ಟಿಲ್ಲ ಎಂದು ನನಗೆ ಗೊತ್ತಾಯಿತು.

ಒಳಗೆ ರೇವತಿ ಗೋಡೆಗೆ ಒರಗಿ ಕೂತಿದ್ದಳು. ಮುಖ ಕೆಂಡವಾಗಿತ್ತು, ತುಟಿ ಒಣಗಿ ಒಡೆದಿತ್ತು. ಬಲ ಎದೆಯ ತೊಟ್ಟು ಸೀಳಿ ರಕ್ತ ಜಿನುಗುತ್ತಿತ್ತು. ಹೀಗೆ ಆದಾಗ ಆ ಕಡೆಯ ಹಾಲು ಕೊಡಬಾರದು, ಹಿಂಡಿ ಚೆಲ್ಲಬೇಕು, ಇನ್ನೊಂದು ಕಡೆಯದು ಮಾತ್ರ ಕುಡಿಸಬೇಕು ಎಂದು ಬಸುರಿಯಾಗಿದ್ದಾಗ ಒಮ್ಮೆ ಹೇಳಿದ್ದೆವು. ಅವಳು ಅದನ್ನೇ ಮಾಡುತ್ತಿದ್ದಳು. ಪಕ್ಕದ ಪಾತ್ರೆಯಲ್ಲಿ ಹಿಂಡಿದ ಹಾಲು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹಿಂಡುವಾಗಿನ ನೋವಿಗೆ ಕಚ್ಚಿಕೊಂಡ ಸೆರಗು ಇನ್ನೂ ಒದ್ದೆ ಇತ್ತು. ಎಡ ಕಡೆಯ ಹಾಲು ಸಾಲದೆ ಮಗು ಚೀರುತ್ತಿತ್ತು. ನಾಗರಾಜ ಕೈಯಲ್ಲಿ ಕಾಯಿಸಿದ ಹಾಲಿನ ಲೋಟ ಹಿಡಿದು ನಿಂತಿದ್ದ.

"ಕೂಸು ಹಸಿವಿಂದ ಸಾಯ್ತದೆ ಮೇಡಂ. ಒಂದೆರಡು ಚಮಚ ಕೊಟ್ರೆ ಎಂತ ಆಗ್ತದೆ? ನೀವಾದ್ರೂ ಹೇಳಿ."

"ಕೊಟ್ಟೀಯ, ನೋಡು!" ರೇವತಿ ಮಗುವನ್ನು ಎದೆಗೆ ಅವಚಿಕೊಂಡಳು.

ಮಗುವನ್ನು ನೋಡಿದೆ. ಬಾಯಿ ಒಣಗಿರಲಿಲ್ಲ, ಬಟ್ಟೆ ಒದ್ದೆ ಮಾಡಿತ್ತು. ಇನ್ನೂ ಸಮಯವಿತ್ತು, ಆದರೆ ಬಹಳ ಇರಲಿಲ್ಲ. ತಾಯಿಯನ್ನು ಕೇಳಿದೆ.

"ನೀನು ಏನು ತಿಂದೆ?"

"ಗಂಜಿ."

"ನೀರು?"

ಅವಳು ಗಂಡನ ಮುಖ ನೋಡಿದಳು. "ಬಾಣಂತಿ ನೀರು ಕುಡಿಬಾರ್ದು ಅಂತ ಅತ್ತೆ ಹೇಳಿದ್ರು. ಒಂದೊಂದು ಗುಟುಕು ಕುಡಿತೀನಿ."

ಮುನಿಸಿಕೊಂಡು ಹೋದ ಅತ್ತೆಯ ಮಾತನ್ನು ಅವಳು ಜ್ವರದಲ್ಲೂ ಮೀರಿರಲಿಲ್ಲ. ಹಾಲು ಎಲ್ಲಿಂದ ಬರಬೇಕು! ಒಂದು ಚೊಂಬು ಬೆಚ್ಚಗಿನ ನೀರು ತರಿಸಿ ಎದುರಿಗೆ ಕೂತು ಕುಡಿಸಿದೆ. ಕುಡಿಯುವ ಭರಕ್ಕೆ ಗಲ್ಲದಿಂದ ಇಳಿಯಿತು. ಇನ್ನೊಂದು ಚೊಂಬು ಕೇಳಿದಳು. ಡಾಕ್ಟರ್ ಶೈಲಜಾಗೆ ಫೋನ್ ಮಾಡಿದರೆ "ಮಾತಾಡ್ತಾ ಕೂತ್ಕೋಬೇಡ, ಎತ್ತಾಕ್ಕೊಂಡು ಬಾ" ಎಂದರು. ನಾಗರಾಜ ಯಾರದ್ದೋ ಗೂಡ್ಸ್ ಆಟೋ ಕೇಳಿ ತಂದ. ಹಿಂದೆ ಹಾಸಿಗೆ ಹಾಕಿ ತಾಯಿ ಮಗುವನ್ನು ಕೂರಿಸಿಕೊಂಡು, ಆನಂದಪುರದ ಮೇಲೆ ಸಾಗರಕ್ಕೆ ಬಂದೆವು. ದಾರಿಯುದ್ದಕ್ಕೂ ಮಗು ಎಡ ಎದೆಯನ್ನು ಬಿಡಲಿಲ್ಲ. ಅರ್ಧ ದಾರಿಯಲ್ಲಿ ಗುಟುಕರಿಸುವ ಸದ್ದು ಕೇಳಿಸಿತು. ರೇವತಿ ನನ್ನ ಕಡೆ ನೋಡಿ, "ಇಳಿತಾ ಅದೆ" ಎಂದಳು. ಆಗ ಮೊದಲ ಸಲ ಅತ್ತಳು.

ಡಾಕ್ಟರು ಕೀವು ತೆಗೆದರು, ಔಷಧಿ ಕೊಟ್ಟರು, ವಾರ್ಡಿನಲ್ಲೇ ಇಟ್ಟುಕೊಂಡು ಮಗುವಿನ ತೂಕ ನೋಡಿದರು. "ಒಂದು ಕಡೆದೇ ಸಾಕು ಕಣೆ, ಅವಳಿ ಮಕ್ಕಳನ್ನ ಸಾಕೋರಿಲ್ವಾ? ಆದ್ರೆ ಮೊದ್ಲು ನೀನು ಉಣ್ಣು" ಎಂದು ಗದರಿದರು. ಆರು ವಾರಕ್ಕೆ ಮಗುವಿನ ಹಿಮ್ಮಡಿ ಚುಚ್ಚಿ ರಕ್ತದ ಹನಿ ತೆಗೆದು ಕಳಿಸಿದೆವು. ಆ ಫಲಿತಾಂಶ ಬರುವವರೆಗಿನ ದಿನಗಳಲ್ಲಿ ನಾಗರಾಜ ಅಂಗಡಿಗೆ ಹೋಗುವ ಮುಂಚೆ ಅಡುಗೆ ಮಾಡುತ್ತಿದ್ದ, ಬಟ್ಟೆ ಒಗೆಯುತ್ತಿದ್ದ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹೊಯ್ಯುವುದನ್ನು ರೇವತಿ ತಾನೇ ಕಲಿತಳು. ಅಕ್ಕಪಕ್ಕದವರು ಕೇಳಿದರೆ, ಅತ್ತೆಗೆ ಮೈ ಸರಿಯಿಲ್ಲ ಎಂಬ ಉತ್ತರ.

ಆ ಹೊತ್ತಿಗೇ ತೀರ್ಥಹಳ್ಳಿಯಲ್ಲಿ ನನ್ನ ಹಳೆಯ ಕೆಲಸ ಮಾಡುತ್ತಿದ್ದ ಹುಡುಗಿ ಸುಮಾ ಒಂದು ಸಭೆಯಲ್ಲಿ ಸಿಕ್ಕಿದಳು. "ಮೇಡಂ, ಒಂದು ವಿಚಿತ್ರ. ವಯಸ್ಸಾದ ಹೆಂಗಸೊಬ್ರು ಬಂದಿದ್ರು. ಹೆಸರು ಹೇಳಲಿಲ್ಲ, ಕೂರಲೂ ಇಲ್ಲ. ಇಂಥ ಕಾಯಿಲೆ ಇರೋ ಬಾಣಂತಿಗೆ ಎಣ್ಣೆ ಹಚ್ಚಿದ್ರೆ, ನೀರು ಹಾಕಿದ್ರೆ ಬರ್ತದಾ ಅಂತ ಕೇಳಿದ್ರು. ಬರಲ್ಲ ಅಂದೆ. ಎದೆಹಾಲು ಬಿಟ್ಟು ಬೇರೆ ಕೊಡ್ಬಾರ್ದು ಅನ್ನೋದು ಹೌದಾ, ಅದೂ ಇದಕ್ಕೇನಾ ಅಂದ್ರು. ಹೌದು ಅಂದೆ. ಆಮೇಲೆ ಗೋಡೆ ಕಡೆ ತಿರುಗಿ ನಿಂತು ಅತ್ರು."

ಚಹಾ ತಣ್ಣಗಾಗುವವರೆಗೆ ಲೋಟ ಹಿಡಿದುಕೊಂಡೇ ಇದ್ದೆ.

ಮಗುವಿನ ಮೊದಲ ಫಲಿತಾಂಶ ನೆಗೆಟಿವ್ ಬಂತು. ಅದನ್ನು ಹೇಳಲು ಫೋನ್ ಮಾಡಿದಾಗ ರೇವತಿ ಪಿಸುಗುಟ್ಟಿದಳು. "ಅತ್ತೆ ನಿನ್ನೆ ಬಂದ್ರು. ಎಂತದೂ ಮಾತಾಡ್ಲಿಲ್ಲ. ಚೀಲ ಇಟ್ಟವ್ರೇ ಹಂಡೆಗೆ ಬೆಂಕಿ ಹಾಕಿದ್ರು. ನನ್ನ ತಲೆಗೆ ಎಣ್ಣೆ ತಟ್ಟಿದ್ರು." ಆಮೇಲೆ ಅಂದಳು, "ಆದ್ರೆ ನನ್ನ ತಟ್ಟೆ ಬೇರೆ ಇಟ್ಟಾರೆ."

ಆ ತಟ್ಟೆ ಬಹಳ ತಿಂಗಳು ಬೇರೆಯಾಗಿಯೇ ಇತ್ತು. ನಾಗರಾಜ ಜಗಳಕ್ಕೆ ಹೋದರೆ ರೇವತಿ ತಡೆದಳಂತೆ. ಇದನ್ನು ಬರೆಯುತ್ತಿರುವುದು ಯಾಕೆಂದರೆ, ಒಮ್ಮೆ ಮನಸ್ಸು ಕರಗಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಎಣ್ಣೆ ತಟ್ಟುವ ಕೈ ತಟ್ಟೆ ಬೇರೆ ಇಡುವುದೂ ಉಂಟು. ಅವಸರ ಮಾಡಬೇಡಿ.

ಒಂದೂವರೆ ವರ್ಷ ತುಂಬಿದಾಗ ಮಗುವಿಗೆ ಕೊನೆಯ ಪರೀಕ್ಷೆ. ಆ ದಿನ ಹತ್ತಿರ ಬಂದ ಹಾಗೆ ನನಗೆ ಬೇರೊಂದು ಆತಂಕ ಹತ್ತಿತು. ಅದರ ಹೆಸರು ಲಲಿತಾ. ರೇವತಿಗಿಂತ ಮುಂಚಿನವಳು, ಯಾವ ಊರೆಂದು ಹೇಳುವುದಿಲ್ಲ. ನಮ್ಮ ಗೋಡೆಯ ಚಿತ್ರಗಳು, ನಮ್ಮ ಭಾಷಣಗಳು ಎಲ್ಲವೂ ಆಗ ಒಂದೇ ಹೇಳುತ್ತಿದ್ದವು, ಮಗುವಿಗಾಗಿ ನುಂಗು, ಮಗುವಿಗಾಗಿ ಉಣ್ಣು, ಮಗುವಿಗಾಗಿ ಬಾ. ಲಲಿತಾ ಅಷ್ಟನ್ನೂ ಮಾಡಿದಳು, ಒಂದು ದಿನ ತಪ್ಪಿಸಲಿಲ್ಲ. ಮಗುವಿನ ಕೊನೆಯ ಪರೀಕ್ಷೆ ನೆಗೆಟಿವ್ ಬಂದ ದಿನ ನಮಗೆಲ್ಲ ಪೇಡಾ ಹಂಚಿದಳು. ಆಮೇಲೆ ಬರಲಿಲ್ಲ. ಕೆಲಸ ಮುಗಿಯಿತು ಎಂದುಕೊಂಡಿದ್ದಳು. ಮತ್ತೆ ನಾನು ಅವಳನ್ನು ಕಂಡದ್ದು ಕ್ಷಯದ ವಾರ್ಡಿನಲ್ಲಿ, ಗುರುತು ಹಿಡಿಯಲಾರದಷ್ಟು ಸೊರಗಿದ್ದಳು. "ಮಗೀಗೆ ಎಂತ ಇಲ್ಲ ಅಂದ್ರಲ್ಲ ಮೇಡಂ, ಇನ್ನು ಯಾಕೆ ಅಂತ ಬಿಟ್ಟೆ" ಎಂದಳು. ಉಳಿಯಲಿಲ್ಲ. ಅವಳ ಮಗಳು ಆರೋಗ್ಯವಾಗಿ ಬೆಳೆಯುತ್ತಿದ್ದಾಳೆ, ತಾಯಿಯಿಲ್ಲದೆ.

ಅಂದಿನಿಂದ ನಾನು ಮಾತು ಬದಲಿಸಿದೆ. ಪ್ರತಿ ಸಲವೂ ಮೊದಲು ತಾಯಿಯ ನಿದ್ದೆ, ತಾಯಿಯ ಊಟ, ತಾಯಿಯ ರಕ್ತದ ಬಗ್ಗೆ ಕೇಳುತ್ತಿದ್ದೆ, ಮಗುವಿನ ಸುದ್ದಿ ಆಮೇಲೆ. ಆದರೆ ಮಾತು ಒಳಗೆ ಇಳಿದಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಮಗು ಪಾರಾದ ದಿನ.

ರೇವತಿಯ ಮಗಳ ಕೊನೆಯ ಪರೀಕ್ಷೆಗೆ ಎಲ್ಲರೂ ಬಂದಿದ್ದರು. ಗಂಗಮ್ಮ ಬೋರ್ಡಿನ ಕೆಳಗೆ ಹಾದು ಒಳಗೆ ಬಂದು ಈ ಸಲ ಕುರ್ಚಿಯ ಮೇಲೆ ಕೂತರು. ಮೊಮ್ಮಗಳು ಅವರ ಬಳೆಗಳನ್ನು ಎಳೆಯುತ್ತಿದ್ದಳು. ಫಲಿತಾಂಶ ಬರುವವರೆಗೆ ನಾಗರಾಜ ಕಿಟಕಿಯ ಸರಳು ಹಿಡಿದು ನಿಂತಿದ್ದ. ಟೆಕ್ನಿಷಿಯನ್ ಬಂದು ನನ್ನ ಕೈಗೆ ಚೀಟಿ ಕೊಟ್ಟಾಗ ನಾನೇ ಎರಡು ಸಲ ಓದಿದೆ.

"ಮಗುವಿಗೆ ಸೋಂಕು ಇಲ್ಲ. ಇನ್ನು ಪರೀಕ್ಷೆ ಬೇಡ."

ನಾಗರಾಜ ಸರಳಿಗೆ ಹಣೆ ಒತ್ತಿ ನಿಂತುಬಿಟ್ಟ. ಅವನ ಭುಜ ಅಲುಗುತ್ತಿತ್ತು. ಗಂಗಮ್ಮ ಮಗುವನ್ನು ಎತ್ತಿ ತಮ್ಮ ಕೆನ್ನೆಗೆ ಒತ್ತಿಕೊಂಡರು. ಕಣ್ಣು ಒರೆಸಿಕೊಂಡು ದೊಡ್ಡದೊಂದು ಉಸಿರು ಬಿಟ್ಟರು.

"ಅಂತೂ ಮುಗೀತು. ಇನ್ನು ಆ ಮಾತ್ರೆ ಕಾಟ ಇಲ್ಲ ಅಲ್ಲನ?"

ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಆದರೂ ತಡೆದುಕೊಂಡು ರೇವತಿಯ ಕಡೆ ನೋಡಿದೆ. ಅವಳು ಚೀಲದಿಂದ ಖಾಲಿ ಡಬ್ಬಿ ತೆಗೆಯುತ್ತಿದ್ದಳು.

"ಕೂಸಿಗೆ ಬ್ಯಾಡ ಅತ್ತೆ," ಎಂದಳು. "ನಂಗೆ ಬೇಕು. ನಾನು ಬದುಕ್ಬೇಕಲ್ಲ."

ಗಂಗಮ್ಮ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದರು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದರು.

"ಹಂಗಾರೆ ಬೇಗ ಹೋಗಿ ಇಸ್ಕಂಡು ಬಾ," ಎಂದರು. "ಕೌಂಟರ್ ಮುಚ್ತಾರೆ."